ಬಿಲ್ವದ ಮರದ ಅರ್ಧ ರೊಟ್ಟಿ

ಮೊನ್ನೆ ಮುಂಗಾರಿನ ಜೋರು ಮಳೆ ಸುರಿದು ನಿಂತ ಸಂಜೆ ಮೈಸೂರಿನ ಅಗ್ರಹಾರದ ಆ ಚಿಕ್ಕ ಶಿವನ ಗುಡಿಯ ಅಂಗಳಕ್ಕೆ ಹೋಗಿದ್ದೆ. ಬಿಲ್ವದ ಮರದ ಕಡೆಯಿಂದ ಒದ್ದೆ ಸೌದೆಯ ವಾಸನೆ ಬಂತು. ಅದರ ಜೊತೆಗೆ ಗರ್ಭಗುಡಿಯ ವಿಭೂತಿ, ದೀಪದ ಎಣ್ಣೆ, ನೆನೆದ ಗೋಣಿಚೀಲ. ಮೂಗಿಗೆ ಬಡಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಹೊತ್ತಿಕೊಂಡಿತು. ಈ ವಾಸನೆಗೂ ನನ್ನ ಹೊಟ್ಟೆಕಿಚ್ಚಿಗೂ ಒಂದು ಇಡೀ ಮಳೆಗಾಲದ ನಂಟಿದೆ. ಕೊರೊನಾ ಮುಗಿದು ಕಾಲೇಜುಗಳು ಮತ್ತೆ ನೆಟ್ಟಗೆ ನಡೆಯತೊಡಗಿದ ವರ್ಷದ ಮಳೆಗಾಲ ಅದು.

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಪಾಠ ಮುಗಿದ ಮೇಲೆ ಉಳಿಯುವ ಹೊತ್ತನ್ನೆಲ್ಲ ಮರ ಕೊಳೆಸುವ ಅಣಬೆಗಳಿಗೆ ಸುರಿದಿದ್ದೇನೆ. ರಸ್ತೆ ಬದಿಯ ಮುದಿ ಮರದ ಬೊಡ್ಡೆಗೆ ಯಾರೋ ಅರ್ಧ ರಾಗಿ ರೊಟ್ಟಿ ಅಂಟಿಸಿ ಹೋದಂತೆ ಚಾಚಿಕೊಂಡಿರುತ್ತದಲ್ಲ, ಅದೇ. ಕೊಡೆಯಂಥ ಅಣಬೆ ಬೆಳಗ್ಗೆ ಎದ್ದು ಸಂಜೆಗೆ ಕರಗಿಹೋಗುತ್ತದೆ. ಇದು ಹಾಗಲ್ಲ, ಹಲಗೆಯಷ್ಟು ಗಟ್ಟಿ. ಅದರ ಕೆಳಮೈಯಲ್ಲಿ ಸೂಜಿಯಿಂದ ಚುಚ್ಚಿದಂಥ ರಂಧ್ರಗಳಿರುತ್ತವೆ; ಮಳೆ ಬಿದ್ದ ದಿನಗಳಲ್ಲಿ ಆ ರಂಧ್ರಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳು ಉದುರುತ್ತವೆ. ಅವುಗಳ ಆಕಾರ, ಅಳತೆ, ಬಣ್ಣ ನೋಡಿಯೇ ನಾವು ಇದು ಇಂಥ ಜಾತಿ ಎಂದು ಹೇಳಬೇಕು.

ಗಿರಿಜೆಯೂ ಅದೇ ಕಾಲೇಜಿನಲ್ಲಿ, ಅದೇ ವಿಭಾಗದಲ್ಲಿ, ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದಳು. ಪಿಎಚ್.ಡಿ.ಗೆ ಇಬ್ಬರಿಗೂ ಒಬ್ಬರೇ ಮೇಷ್ಟ್ರು, ಇಬ್ಬರದೂ ಇದೇ ಅಣಬೆ. ನಾನು ನರಸೀಪುರದ ಕಡೆಯ ಗದ್ದೆ ಕೆಲಸದ ಮನೆಯವಳು, ಈಗ ಮೈಸೂರಿನ ವಿಜಯನಗರ ಬಡಾವಣೆಯಲ್ಲಿ ಅವ್ವನ ಜೊತೆ ಇದ್ದೇನೆ. ಅವಳು ಅಗ್ರಹಾರದಲ್ಲೇ ಹುಟ್ಟಿ ಬೆಳೆದವಳು. ಅವಳ ಅಪ್ಪನಿಗೆ ಮಠದ ಭಕ್ತರೆಲ್ಲ ಬರುವ, ವಿಭೂತಿ, ರುದ್ರಾಕ್ಷಿ, ಲಿಂಗದ ಕರಡಿಗೆ ಮಾರುವ ಅಂಗಡಿ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೊಸ ಜಾತಿಯೊಂದನ್ನು ಕಂಡು, ವಿವರಿಸಿ, ಅಚ್ಚು ಹಾಕಿಸಿದರೆ ಅದರ ಲ್ಯಾಟಿನ್ ಹೆಸರಿನ ಬೆನ್ನಿಗೆ ವಿವರಿಸಿದವರ ಹೆಸರೂ ಸೇರಿಕೊಳ್ಳುತ್ತದೆ. ಆಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆ ಅಣಬೆಯ ಬಗ್ಗೆ ಬರೆದರೂ ಬೆನ್ನಿಗಿರುವವರನ್ನು ಕರೆದುಕೊಂಡೇ ಹೋಗಬೇಕು. ಗಿರಿಜೆಯ ಹೆಸರು ಆಗಲೇ ಮೂರು ಅಣಬೆಗಳ ಬೆನ್ನೇರಿ ಸವಾರಿ ಮಾಡುತ್ತಿತ್ತು. ನನ್ನದು ಒಂದರ ಮೇಲೂ ಇರಲಿಲ್ಲ. ನಾನು ಬರೆದದ್ದೆಲ್ಲ 'ಈ ಜಾತಿ ಕರ್ನಾಟಕದಲ್ಲಿ ಇದೇ ಮೊದಲು ಕಂಡುಬಂದಿದೆ' ಎನ್ನುವ ಲೇಖನಗಳು. ಬೇರೆಯವರು ಹೆತ್ತ ಮಗುವಿಗೆ ನಮ್ಮೂರಿನಲ್ಲಿ ರೇಷನ್ ಕಾರ್ಡು ಮಾಡಿಸಿಕೊಟ್ಟ ಹಾಗೆ.

ಅವಳು ನನಗಿಂತ ಹೆಚ್ಚು ಓದಿದವಳಾಗಿದ್ದರೆ ಸಹಿಸುತ್ತಿದ್ದೆನೇನೋ. ನಾನು ಕುಕ್ಕರಹಳ್ಳಿ ಕೆರೆ ಏರಿಯ ಮರಗಳನ್ನು ಒಂದೂ ಬಿಡದೆ ತಡವುತ್ತೇನೆ, ಬೆಟ್ಟದ ಬುಡದ ಪೊದೆಗಳಲ್ಲಿ ಮುಳ್ಳು ಚುಚ್ಚಿಸಿಕೊಳ್ಳುತ್ತೇನೆ. ಅವಳು ಯಾರದೋ ಗೃಹಪ್ರವೇಶಕ್ಕೆ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ, ಊಟಕ್ಕೆ ಪಂಕ್ತಿ ಕಾಯುತ್ತಾ ಹಿತ್ತಲಲ್ಲಿ ನಿಂತು, ಕರ್ಚೀಫಿನಲ್ಲಿ ಹೊಸ ಜಾತಿ ಕಟ್ಟಿಕೊಂಡು ಬರುತ್ತಾಳೆ. ನಾನು ಹುಡುಕುತ್ತೇನೆ, ಅವಳಿಗೆ ಸಿಗುತ್ತದೆ. ಇದನ್ನು ಯಾವ ದೇವರ ಹತ್ತಿರ ಹೇಳಿಕೊಳ್ಳಲಿ?

ಆ ವರ್ಷ ಮಳೆ ಹಿಡಿಯುವ ಮುಂಚೆ, ಒಂದು ಸೋಮವಾರ, ಗಿರಿಜೆ ಕಾಲೇಜಿಗೆ ಬಂದವಳೇ ನ್ಯೂಸ್‌ಪೇಪರಿನ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಬಿಚ್ಚಿದಳು. ಅಂಗೈಯಗಲದ ಅಣಬೆ. ಮೇಲೆ ಬೆಲ್ಲದ ಬಣ್ಣ, ಅಂಚು ಕೆನೆಯ ಹಾಗೆ.

"ನಮ್ಮನೆ ಹತ್ರದ ಗುಡೀಲಿ ಬಿಲ್ವದ ಮರ ಇದ್ಯಲ್ಲ, ಅದ್ರಲ್ಲಿತ್ತು ಕಣೇ. ಅಯ್ನೋರು ಕೀಳೋಕೇ ಬಿಡ್ಲಿಲ್ಲ. ಬಿಲ್ವದ್ದು ಏನೇ ತೆಗುದ್ರೂ ಮೊದ್ಲು ಶಿವನ್ಗೆ ಒಪ್ಪುಸ್ಬೇಕಂತೆ. ಒಳಗ್ ತಗೊಂಡೋಗಿ ಪೂಜೆ ಮಾಡಿ ತಂದ್ಕೊಟ್ರು!" ಎಂದು ನಕ್ಕಳು.

ನಾನೂ ನಕ್ಕೆ. ಆ ಗುಡಿಯ ಮುಂದೆ ನಾನು ಎಷ್ಟು ಸಲ ಓಡಾಡಿದ್ದೆ! ಒಳಗೊಂದು ಬಿಲ್ವದ ಮರವಿದೆಯೆಂದು ತಲೆಯೆತ್ತಿ ನೋಡಿರಲಿಲ್ಲ.

ಆ ವಾರವೆಲ್ಲ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ಕೂತಳು. ಅಣಬೆ ಹಳೆಯದು, ಬೇಸಿಗೆಯಲ್ಲಿ ಒಣಗಿದ್ದು. ಬೀಜಕಣ ಒಂದೂ ಸಿಗಲಿಲ್ಲ. ಆದರೆ ರಂಧ್ರಗಳ ಒಳಗೋಡೆಯ ತುಂಬ ಹರಳುಗಳಿದ್ದವು. ಕೆಲವು ಜಾತಿಗಳ ಮೈ ಹೆಣೆದಿರುವ ಎಳೆಗಳಿಗೆ ಹರಳು ಕಟ್ಟುವುದುಂಟು, ಅದು ಜಾತಿ ಗುರುತಿಸಲು ದೊಡ್ಡ ಲಕ್ಷಣವೂ ಹೌದು. ಆದರೆ ಇಷ್ಟು ದಟ್ಟವಾಗಿ, ಇಂಥ ಮುರುಕು ಮುರುಕು ಆಕಾರದಲ್ಲಿ ಯಾರೂ ಬರೆದಿರಲಿಲ್ಲ. ಅವಳು ವಿಭಾಗದವರನ್ನೆಲ್ಲ ಕರೆದು ತೋರಿಸಿದಳು. ಎಲ್ಲರೂ ಆಹಾ ಎಂದರು, ಯಾರೋ ಮೈಸೂರು ಪಾಕ್ ತರಿಸಿದರು. ನನ್ನ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿ ಅವ್ವನಿಗೆಂದು ಚೀಲಕ್ಕೆ ಹಾಕಿಕೊಂಡೆ.

ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಹೊಸದು ಅನ್ನುವ ಮುಂಚೆ ಹಳೆಯದೊಂದೊಂದನ್ನೂ ಎದುರಿಗೆ ನಿಲ್ಲಿಸಿ 'ನೀನಲ್ಲ' ಅನ್ನಿಸಬೇಕು. ಆ ಕೆಲಸವನ್ನು ಗಿರಿಜೆಗಿಂತ ಮುಂಚೆ ನಾನು ಹಿಡಿದೆ. ಸಹಾಯ ಮಾಡುತ್ತೇನೆ ಎಂದೆ. ನಿಜವಾಗಿ ನನಗೆ ಬೇಕಾಗಿದ್ದದ್ದು 'ನೀನೇ' ಎನ್ನಬಹುದಾದ ಒಂದು ಹಳೆಯ ಜಾತಿ. ಎಲ್ಲೋ ಯಾರೋ ಯಾವಾಗಲೋ ಇದನ್ನು ವಿವರಿಸಿ ಹೆಸರಿಟ್ಟಿದ್ದರೆ ಸಾಕು, ಗಿರಿಜೆಯ ಅಣಬೆ ನನ್ನ ಲೇಖನಗಳ ಸಾಲಿಗೆ ಬಂದು ಕೂರುತ್ತದೆ. ಹಳೆಯ ಸಂಪುಟಗಳನ್ನೆಲ್ಲ ತಿರುವಿದೆ. ಮೊಸರಿನಲ್ಲಿ ಕಲ್ಲು ಹುಡುಕುವುದು ಅನ್ನುತ್ತಾರಲ್ಲ, ಅದನ್ನು ಇಷ್ಟು ಶ್ರದ್ಧೆಯಿಂದ ಮಾಡಿದವರು ಮೈಸೂರಿನಲ್ಲಿ ಇರಲಾರರು. ಒಂದು ಜಾತಿ ಬಣ್ಣದಲ್ಲಿ ಹೊಂದುತ್ತಿತ್ತು, ರಂಧ್ರದಲ್ಲಿ ಕೈಕೊಡುತ್ತಿತ್ತು. ಇನ್ನೊಂದು ರಂಧ್ರದಲ್ಲಿ ಹೊಂದಿದರೆ ಹರಳು ಇರುತ್ತಿರಲಿಲ್ಲ. ಎಲ್ಲವೂ ಆ ಹರಳಿಗೇ ಬಂದು ಎಡವುತ್ತಿದ್ದವು.

ಮುಂದಿನ ಸೋಮವಾರ ಗಿರಿಜೆ ಗುಡಿಗೆ ಹೋಗಿ ನೇರ ಕಾಲೇಜಿಗೆ ಬಂದಿದ್ದಳು. ಹಣೆಯ ತುಂಬ ವಿಭೂತಿ. ನಾನು ಹೊಸ ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ನೀರು ಹಾಕಿಕೊಂಡು, ಅಣಬೆಯ ಚೂರನ್ನು ಇಡಬೇಕೆಂದಿದ್ದೆ. ಅಷ್ಟರಲ್ಲಿ ಅವಳು "ಎಲ್ಲೇ, ಸರ್ಕೋ ಆಚೆ, ನೋಡೋಣ" ಎಂದು ನನ್ನ ಮೇಲೆ ಬಗ್ಗಿ, ಬೆವರಿದ ಹಣೆಯನ್ನು ಮುಂಗೈಯಿಂದ ಒರೆಸಿಕೊಂಡಳು. ಬೂದಿಯ ಒಂದು ಚಕ್ಕೆ ನೀರಿನ ತೊಟ್ಟಿನ ಮೇಲೆ ಬಿತ್ತು. ಅವಳನ್ನು ತರಗತಿಗೆ ಕರೆದರು, ಹೋದಳು. ಪಟ್ಟಿಯನ್ನು ತೊಳೆಯಬೇಕೆಂದು ಎತ್ತಿಕೊಂಡವಳು ಯಾಕೋ ಹಾಗೇ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಅವೇ ಹರಳುಗಳು. ಮುರುಕು ಮುರುಕು ಅಂಚು, ಅದೇ ಹೊಳಪು.

ಎದ್ದು ಹೋಗಿ ಆಮ್ಲದ ಬಾಟಲಿ ತಂದೆ. ಅಣಬೆಯ ಎಳೆಗೆ ಸಹಜವಾಗಿ ಕಟ್ಟುವ ಹರಳು ಆಮ್ಲ ತಾಗಿದರೆ ಸದ್ದಿಲ್ಲದೆ ಕರಗುತ್ತದೆ. ವಿಭೂತಿಯಲ್ಲಿ ಸುಣ್ಣದ ಅಂಶವಿರುತ್ತದೆ, ಅದು ನೊರೆಯುಕ್ಕಿಸುತ್ತದೆ. ಗಿರಿಜೆಯ ಅಣಬೆಯ ಚೂರಿಗೇ ಒಂದು ತೊಟ್ಟು ಬಿಟ್ಟು ನೋಡಿದೆ. ಬುಸಬುಸನೆ ಗುಳ್ಳೆಗಳೆದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ! ಆ ಕ್ಷಣ ಆದಂಥ ಹಾಲು ಕುಡಿದಷ್ಟು ಸಂತೋಷ ನನಗೆ ನನ್ನ ಪಿಎಚ್.ಡಿ. ಮುಗಿದ ದಿನವೂ ಆಗಿರಲಿಲ್ಲ.

ಅವಳು ತರಗತಿ ಮುಗಿಸಿ ಬರುವುದನ್ನೇ ಕಾದಿದ್ದು ಕೇಳಿದೆ: "ಗಿರಿಜಾ, ನಿನ್ ಅಣಬೆ ಯಾವ್ ಮಠದ್ದೇ?"

"ಏನೇ ಅಂಗಂದ್ರೆ?"

"ವಿಭೂತಿ ಧರ್ಸ್ಕೊಂಡದೆ, ಅದಕ್ಕೆ ಕೇಳ್ದೆ."

ಮತ್ತೊಂದು ಚೂರಿಗೆ ಆಮ್ಲ ಬಿಟ್ಟು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ನೆನಪಿಸಿಕೊಂಡಳು: ಅರ್ಚಕರು ಅಣಬೆಯನ್ನು ಮಗುಚಿ, ಬೆಳ್ಳಗಿದ್ದ ಕೆಳಮೈಯನ್ನೇ ಮುಖವೆಂದು ತಿಳಿದು, ಮೂರು ಪಟ್ಟೆ ವಿಭೂತಿ ಬಳಿದಿದ್ದರು. ಅವಳು ಅಂಗೈಯಿಂದ ತಟ್ಟಿ ಕೊಡವಿದ್ದಳು. ಅಷ್ಟೂ ರಂಧ್ರದೊಳಗೆ ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಆಗಲೇ ಅನುಮಾನಿಸುತ್ತಿದ್ದರು. ಅವಳು ತೊಟ್ಟಿಲಿನಿಂದಲೂ ವಿಭೂತಿಯ ಅಂಗಡಿಯಲ್ಲಿ ಬೆಳೆದವಳು. ಅವರ ಮನೆಯ ಬಟ್ಟೆ, ಪುಸ್ತಕ, ಕಾಫಿ ಲೋಟದ ಮೇಲೂ ಅದೊಂದು ಪದರ ಇದ್ದೇ ಇರುತ್ತದೆ. ಅವಳ ಕಣ್ಣಿಗೆ ಅದು ಧೂಳೇ ಅಲ್ಲ.

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಬೆನ್ನು ಸವರಲು ಕೈಯನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವಳು ನಗತೊಡಗಿದಳು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಅಯ್ಯೋ ಶಿವನೇ! ನಮ್ಮಪ್ಪನ ಅಂಗ್ಡಿ ಮಾಲ್ಗೇ ನಾನು ಹೊಸ ಜಾತಿ ಅಂತ ಹೆಸ್ರಿಡಾಕ್ ಹೊಂಟಿದ್ನಲ್ಲೇ!" ವಿಭಾಗದವರೆಲ್ಲ ಬಂದು ಅವಳ ಜೊತೆ ನಕ್ಕರು. ನನ್ನ ಆಮ್ಲದ ಬಾಟಲಿಯನ್ನು ಯಾರೂ ಕೇಳಲಿಲ್ಲ. ಸೋತಾಗಲೂ ಕೋಣೆಯ ತುಂಬ ಅವಳೇ ಇರುವುದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹರಳು ಹೋದ ಮೇಲೂ ಆ ಅಣಬೆ ಯಾವ ಹಳೆಯ ಜಾತಿಗೂ ಸರಿಯಾಗಿ ಹೊಂದಲಿಲ್ಲ. ಬೀಜಕಣ ಸಿಗದೆ ತೀರ್ಮಾನವಿಲ್ಲ, ಮಳೆ ಬೀಳದೆ ಬೀಜಕಣವಿಲ್ಲ. ಆ ವರ್ಷ ಮೋಡ ದಿನಾ ಬೆಟ್ಟದ ಮೇಲೆ ಕೂತು, ಕೆಳಗೆ ನೋಡಿ, ಎದ್ದು ಹೋಗುತ್ತಿತ್ತು. ಊರಿನ ಆ ತುದಿಯ ಹೆಬ್ಬಾಳದ ಕಡೆ ಸುರಿಯಿತಂತೆ ಎಂದು ಬಸ್ಸಿನಲ್ಲಿ ಬಂದವರು ಒದ್ದೆ ಕೊಡೆ ಕೊಡವುತ್ತಿದ್ದರು, ಅಗ್ರಹಾರದ ಬೀದಿಗಳು ಒಣಗಿಯೇ ಇರುತ್ತಿದ್ದವು. ನಾನು ದಿನಾ ಕಾಲೇಜು ಬಿಟ್ಟ ಮೇಲೆ ಗುಡಿಗೆ ಹೋಗಿ ಮರ ನೋಡಿ ಮನೆಗೆ ಹೋಗುತ್ತಿದ್ದೆ. ನನಗೆ ಭಕ್ತಿ ಬಂದಿದೆ ಎಂದು ಅವ್ವ ಖುಷಿಪಟ್ಟಳು.

ಕೊನೆಗೊಮ್ಮೆ ಮಳೆ ಹಿಡಿಯಿತು. ವಾರವಿಡೀ ಬಿಡದೆ ಸುರಿದು, ಹಳೆಯ ಗಾಯದ ಪಕ್ಕದಲ್ಲೇ ಹೊಸ ಅಣಬೆ ಬೆಣ್ಣೆಯ ಹಾಗೆ ಮೂಡಿತು. ಗಿರಿಜೆಯೂ ನಾನೂ ಜೊತೆಗೇ ಹೋದೆವು. ಅರ್ಚಕರು ಆಗಲೇ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದರು.

"ಅಯ್ನೋರೇ, ಇದಕ್ಕೆ ಮಾತ್ರ ಬ್ಯಾಡಿ" ಎಂದು ಗಿರಿಜೆ ಕೈ ಮುಗಿದಳು.

"ಶಿವನ್ಗೆ ಒಪ್ಪುಸ್ದೆ ಎಂಗ್ ಕೊಡ್ಲಿ ಗಿರಿಜಮ್ಮ? ಬಿಲ್ವ ಅಲ್ವಾ?"

"ಅದ್ರ ಬದ್ಲು ನಮಗ್ ಹಚ್ಚಿ. ನಾವೇ ಒಪ್ಪುಸ್ಕೊತೀವಿ."

ಅವರು ಯೋಚಿಸಿ ಒಪ್ಪಿದರು. ಇಬ್ಬರ ಹಣೆಗೂ ಪಟ್ಟೆ ಎಳೆದರು. ಬೆವರು ಬೀಳದ ಹಾಗೆ ನಾವು ತಲೆ ಹಿಂದಕ್ಕೆ ವಾಲಿಸಿಕೊಂಡು, ಮದುವೆಯ ಕಳಶ ಹೊತ್ತಂತೆ ಅಣಬೆಯನ್ನು ಹೊರಗೆ ತಂದೆವು.

ಬೀಜಕಣ ಬೀಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕಪ್ಪು ಕಾಗದದ ಮೇಲೆ ಗಾಜು, ಗಾಜಿನ ಮೇಲೆ ರಂಧ್ರದ ಕಡೆ ಕೆಳಗಾಗುವಂತೆ ಅಣಬೆ ಇಟ್ಟು, ಗಾಳಿಯಾಡದ ಹಾಗೆ ಅಡುಗೆಮನೆಯ ದೊಡ್ಡ ಬೋಗುಣಿ ಕವುಚಿದೆ. ಅವ್ವ ಬೋಗುಣಿ ಹುಡುಕಿಕೊಂಡು ಬಂದವಳು ಮುಟ್ಟಲು ಹೋದಳು.

"ಮುಟ್ಬ್ಯಾಡ ಕಣವ್ವ, ಅಣಬೆ ಅದೆ."

"ಸಾರ್ ಮಾಡಕ್ಕಾ?"

"ತಿನ್ನೋದಲ್ಲ. ಮರ ಕೊಳ್ಸೋದು."

"ಮರ ಕೊಳ್ಸೋದ್ನ ತಂದು ಅಡ್ಗೆ ಮನೇಲಿ ಮಡ್ಗಿದ್ದೀಯಲ್ಲ, ನಿಂಗೆ ಓದ್ಸಿದ್ದು ಇದ್ಕಾ?" ಎಂದು ಅವ್ವ ಉಪ್ಪಿಟ್ಟಿಗೆ ಬೇರೆ ಪಾತ್ರೆ ತೆಗೆದುಕೊಂಡಳು.

ಬೆಳಗ್ಗೆ ಬೋಗುಣಿ ಎತ್ತಿದರೆ ಗಾಜಿನ ಮೇಲೆ ಹಿಟ್ಟು ಜರಡಿ ಹಿಡಿದಂಥ ಬಿಳಿ ಗುರುತು. ಎದೆಗವಚಿಕೊಂಡು ಕಾಲೇಜಿಗೆ ಓಡಿದೆ. ಗಿರಿಜೆ ಇನ್ನೂ ಬಂದಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಇದರ ನೆಂಟರ ಜಾತಿಗಳದ್ದೆಲ್ಲ ಬೀಜಕಣ ಗುಂಡಗೆ ಅಥವಾ ಮೊಟ್ಟೆಯಂತೆ ಇರುತ್ತದೆ. ಇವು ಕತ್ತರಿಸಿ ಬಿಸಾಡಿದ ಉಗುರಿನ ಚೂರಿನ ಹಾಗೆ ಬಾಗಿದ್ದವು. ಒಂದಲ್ಲ, ಎಲ್ಲವೂ. ಅವಳ ಅಣಬೆಯನ್ನು ಹಳೆಯದೆಂದು ಸಾಬೀತು ಮಾಡಲು ನಾನು ಓದಿದ್ದ ಅಷ್ಟೂ ವಿವರಣೆಗಳು ತಲೆಯಲ್ಲಿ ಸಾಲಾಗಿ ನಿಂತು 'ನಾನಲ್ಲ, ನಾನಲ್ಲ' ಎಂದವು. ಅವಳ ಹೊಸ ಜಾತಿಗೆ ನನ್ನಷ್ಟು ಗಟ್ಟಿ ಸಾಕ್ಷಿ ಬೇರೆ ಯಾರೂ ಇರಲಿಲ್ಲ.

ಬೀಜಕಣ ಕಂಡವಳು ನಾನು, ಮರದಿಂದ ಅಣಬೆ ಕಿತ್ತವಳು ಅವಳು. ಹೊಸ ಜಾತಿ ಯಾರದು?

ಈ ಮಾತು ತೀರ್ಮಾನವಾದದ್ದು ಅವಳ ಅಪ್ಪನ ಅಂಗಡಿಯಲ್ಲಿ. ವಿಭೂತಿ ಗಟ್ಟಿಗಳ ಮಧ್ಯೆ ಮಣೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆವು. ಹೊರಗೆ ಮಳೆ. ಗಿರಿಜೆ ಲೋಟ ಕೆಳಗಿಟ್ಟು ಹೇಳಿದಳು: "ಇದಕ್ಕೆ ನಿನ್ ಹೆಸ್ರೇ ಇಟ್ಬುಡ್ತೀನಿ ಕಣೇ ಸಾವಿತ್ರಿ. ನೀನಿಲ್ದಿದ್ರೆ ನಾನು ನಗೆಪಾಟ್ಲಾಗ್ತಿದ್ದೆ."

ಕೇಳಿದವರು ಏನು ದೊಡ್ಡ ಮನಸ್ಸು ಎನ್ನುತ್ತಾರೆ. ನನಗೆ ತಕ್ಷಣ ಹೊಳೆದದ್ದು ಬೇರೆ. ನಮ್ಮ ಕಸುಬಿನಲ್ಲಿ ಯಾರೂ ತಾವು ವಿವರಿಸಿದ ಜಾತಿಗೆ ತಮ್ಮದೇ ಹೆಸರಿಡುವುದಿಲ್ಲ. ಬರೆದಿಟ್ಟ ಕಾನೂನಲ್ಲ, ಇಟ್ಟುಕೊಂಡವರನ್ನು ಬದುಕಿರುವವರೆಗೂ ಎಲ್ಲರೂ ಆಡಿಕೊಳ್ಳುತ್ತಾರೆ, ಅಷ್ಟೇ. ಅಣಬೆಗೆ ನನ್ನ ಹೆಸರಾದರೆ ಅದನ್ನು ವಿವರಿಸಿದವರಲ್ಲಿ ನಾನು ಇರುವಂತಿಲ್ಲ. ಬೆನ್ನೇರುವವಳು ಗಿರಿಜೆಯೊಬ್ಬಳೇ. ನಾನು ಕುದುರೆ, ಅವಳು ಸವಾರಳು.

"ನಂಗ್ ಬೇಡ" ಎಂದೆ.

"ಯಾಕೇ?"

"ನಂಗೆ ಅಣಬೆ ಆಗೋದ್ ಬೇಡ. ಅಣಬೆ ಬಗ್ಗೆ ಬರ್ದೋಳು ಆಗ್ಬೇಕು. ನಿನ್ ಹೆಸ್ರಿನ್ ಪಕ್ಕ ನನ್ ಹೆಸ್ರು ಹಾಕು."

ಅವಳು ಲೋಟ ಮತ್ತೆ ಕೈಗೆತ್ತಿಕೊಂಡಳು. ನಾನು ಬಿಡಲಿಲ್ಲ: "ಆ ಹೊಸ ಬೀಜಕಣ ನೋಡ್ದೋಳು ನಾನು. ಹಳೇ ಜಾತಿಗಳ್ನೆಲ್ಲ ಒಂದೊಂದಾಗಿ ಹೊಡ್ದ್ ಹಾಕ್ದೋಳು ನಾನು. ಹೊಟ್ಟೆಕಿಚ್ಗೇ ಮಾಡ್ದೆ, ಇಲ್ಲ ಅನ್ನಲ್ಲ. ಆದ್ರೂ ಮಾಡ್ದೋಳು ನಾನೇ ತಾನೆ?"

ಗಿರಿಜೆ ರುದ್ರಾಕ್ಷಿಯೊಂದನ್ನು ಬೆರಳಲ್ಲಿ ಉರುಳಿಸುತ್ತಾ ಹೇಳಿದಳು: "ಸುಳ್ ಯಾಕೇಳ್ಲಿ. ಇದು ನನ್ನೊಬ್ಬಳದ್ದೇ ಆಗ್ಲಿ ಅಂತ ಆಸೆ ಇತ್ತು. ನಮ್ ಬೀದಿ ಮರ, ನಮ್ ಗುಡಿ. ಅದಕ್ಕೇ ಅಣಬೆ ಹೆಸ್ರಲ್ಲಿ ನಿನ್ನ ಕೂರುಸ್ಬುಟ್ರೆ ನೀನು ಏನೂ ಕೇಳಲ್ಲ ಅಂದ್ಕೊಂಡೆ."

ನನ್ನ ಅನುಮಾನ ನಿಜವಾಗಿತ್ತು. ಅದಕ್ಕೆ ಸಿಟ್ಟು ಬರಬೇಕಿತ್ತು, ಎದೆ ಹಗುರವಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೂ ನನ್ನನ್ನು ಕಂಡು ಏನೋ ಉರಿದಿತ್ತು.

ರಸೀದಿ ಹರಿಯುತ್ತಿದ್ದ ಅವಳ ಅಪ್ಪ ತಲೆಯೆತ್ತದೆ ಅಂದರು: "ಇಬ್ರ ಹೆಸ್ರೂ ಬರಕೊಳ್ರವ್ವ. ನಿಮ್ ಜಗಳ್ದಲ್ಲಿ ಕೂಸು ಬಡವಾದಾತು."

ಹಾಗೇ ಆಯಿತು. ಇಬ್ಬರೂ ಬೆನ್ನೇರಿದ್ದರಿಂದ ಅಣಬೆಗೆ ಬಿಲ್ವದ ಹೆಸರು ಬಂತು. ಬೆಂಗಳೂರಿಗೆ ಡಿಎನ್ಎ ಪರೀಕ್ಷೆಗೆ ಕಳಿಸಿದ್ದ ಚೂರಿನ ಫಲಿತಾಂಶ ಬರುವ ದಿನ ನಾನು ಅದೇ ಗುಡಿಗೆ ಹೋಗಿ ಹೊಸದೇ ಆಗಲಪ್ಪಾ ಎಂದು ಬೇಡಿಕೊಂಡೆ. ತಿಂಗಳ ಹಿಂದೆ ಹಳೆಯದಾಗಲಿ ಎಂದು ಹಾರೈಸುತ್ತಿದ್ದವಳೂ ನಾನೇ. ಹೊಸದೇ ಆಯಿತು. ಅಚ್ಚಿನಲ್ಲಿ ಗಿರಿಜೆಯ ಹೆಸರು ಮೊದಲು, ನನ್ನದು ಆಮೇಲೆ. ಆ ಎರಡರ ನಡುವಿನ 'ಮತ್ತು' ಇವತ್ತಿಗೂ ನನ್ನ ಕಣ್ಣಿಗೆ ಕಸದ ಹಾಗೆ ಚುಚ್ಚುತ್ತದೆ. ವಿಭೂತಿ ಬಳಿಸಿಕೊಂಡ ಆ ಮೊದಲ ಅಣಬೆಯನ್ನು ಅವಳ ಅಪ್ಪ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಬಂದ ಭಕ್ತರು ಕೈ ಮುಗಿಯುತ್ತಾರೆ.

ಮರುವರ್ಷ ಗಿರಿಜೆಗೆ ಧಾರವಾಡಕ್ಕೆ ವರ್ಗವಾಯಿತು. ಪಕ್ಕದ ಮೇಜು ಖಾಲಿಯಾದ ಮೇಲೆ ನಾನು ಎರಡು ಲೇಖನ ಬರೆದೆ, ಎರಡೂ ರೇಷನ್ ಕಾರ್ಡಿನವೇ. ಮೊನ್ನೆ ಬೆಳಗ್ಗೆ ಮೊಬೈಲಿಗೆ ಅವಳ ಹೊಸ ಲೇಖನ ಬಂತು. ದಾಂಡೇಲಿ ಕಡೆಯ ಕಾಡಿನ ಒಂದು ಹೊಸ ಜಾತಿ. ತೆರೆದು ಹೆಸರು ಓದಿದೆ. ಸಾವಿತ್ರಿ. ಕೊನೆಗೊಂದು ಲ್ಯಾಟಿನ್ ಬಾಲ ಅಂಟಿಸಿದ ನನ್ನದೇ ಹೆಸರು. ಅದರ ಬೆನ್ನಿಗೆ ಅವಳೊಬ್ಬಳೇ. ಚಿತ್ರಗಳನ್ನು ನೋಡಿದೆ. ಕೆಂಪು ಮೈ, ಚಿನ್ನದ ಅಂಚು. ಅಷ್ಟು ಚೆಂದದ ಅಣಬೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಫೋನ್ ಮಾಡಿದೆ. "ಏನೇ ಇದು? ಬೇಡ ಅಂದಿದ್ನಲ್ಲ?"

"ಅವತ್ತು ಕೇಳ್ದೆ, ಬೇಡ ಅಂದೆ. ಇವತ್ತು ಕೇಳ್ಲೇ ಇಲ್ಲ" ಎಂದು ಆ ಕಡೆಯಿಂದ ನಕ್ಕಳು. "ಎಷ್ಟು ಅಣಬೆ ಸಿಕ್ರೂ ಇದು ನಿಂಗ್ ಸಾಲ್ದು, ಇದು ಸಾಲ್ದು ಅಂತ ಬುಡ್ತಾ ಬಂದೆ ಕಣೇ. ಇದಕ್ಕೆ ಕಾದಿದ್ದೆ."

ಫೋನ್ ಇಟ್ಟೆ. ಅವ್ವನಿಗೆ ಹೇಳಿದರೆ "ಮರ ಕೊಳ್ಸೋದಕ್ಕೆ ನನ್ ಮಗಳ್ ಹೆಸ್ರಾ? ಹೂವ್‌ಗೀವ್ ಯಾವ್ದೂ ಸಿಗ್ಲಿಲ್ವಂತಾ?" ಎಂದು ಮುಖ ಊದಿಸಿಕೊಂಡಳು. ನನಗೆ ಹೊಟ್ಟೆಯೊಳಗೆ ಬೆಂಕಿ. ಕೊಡುವುದರಲ್ಲೂ ಅವಳೇ ಮುಂದೆ ಹೋಗಿಬಿಟ್ಟಿದ್ದಳು. ಇದನ್ನು ಸರಿಗಟ್ಟಲು ನನಗಿರುವುದು ಒಂದೇ ದಾರಿ, ಅದಕ್ಕೊಂದು ಹೊಸ ಜಾತಿ ಬೇಕು. ಆ ಸಂಜೆ ಮಳೆ ನಿಂತ ಕೂಡಲೇ ಚೀಲಕ್ಕೆ ಚಾಕು ಹಾಕಿಕೊಂಡು ಅಗ್ರಹಾರಕ್ಕೆ ಹೋದದ್ದು ಅದಕ್ಕೇ.

ಬಿಲ್ವದ ಬೊಡ್ಡೆಯಲ್ಲಿ ಒಂದು ಅರ್ಧ ರೊಟ್ಟಿ ಹೊಸದಾಗಿ ಮೂಡಿತ್ತು. ಮೊಣಕಾಲೂರಿ ಕೂತು ಭೂತಗನ್ನಡಿ ಹಿಡಿದು ನೋಡಿದೆ. ಅದು ನಮ್ಮಿಬ್ಬರ ಹಳೆಯ ಜಾತಿಯೇ. ಅದರ ಕೆಳಗೆ ಬೇರೊಂದು ಅಣಬೆ ಇಣುಕುತ್ತಿತ್ತು, ಮಾಸಲು ಕಂದು, ಅಂಚು ಹರಿದದ್ದು. ರಂಧ್ರಗಳ ಆಕಾರ ವಿಚಿತ್ರವಾಗಿತ್ತು, ಹೊಸದೇ ಇದ್ದರೂ ಇರಬಹುದು. ಅರ್ಚಕರು ಜಗುಲಿಯಿಂದ "ತಗೋತೀರೇನಮ್ಮ? ತಟ್ಟೆ ತರ್ಲಾ?" ಎಂದು ಕೇಳಿದರು.

ಇನ್ನೊಂದು ಸಲ ನೋಡಿದೆ. ಬಣ್ಣವಿಲ್ಲ, ಮಾಟವಿಲ್ಲ. ಗಿರಿಜೆಯ ಹೆಸರಿಡಲು ಇದು ಸಾಲದು.

"ಬ್ಯಾಡಿ ಅಯ್ನೋರೇ" ಎಂದು ಚಾಕುವನ್ನು ಚೀಲಕ್ಕೆ ಹಾಕಿಕೊಂಡು, ಮುಂದಿನ ಬೀದಿಯ ಮರಗಳ ಕಡೆ ನಡೆದೆ.